ಹೊಳೆ ಬರುವ ಮುಂಚೆ ಸ್ಟೇರಿಂಗ್ ಬಿಡಿಸಿ

2020ರ ಅಕ್ಟೋಬರ್ ನಡುವಿನಲ್ಲಿ ಭೀಮಾ ನದಿ ದಡ ಮೀರಿ ಹರಿಯಿತು. ಮಹಾರಾಷ್ಟ್ರದಲ್ಲಿ ಸುರಿದ ಮಳೆಗೆ ಅಲ್ಲಿನ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ, ಇಂಡಿ ಮತ್ತು ಸಿಂದಗಿ ಕಡೆಯ ಹೊಳೆಸಾಲಿನ ಊರುಗಳನ್ನು ಸುತ್ತುವರಿಯಿತು. ಅದಕ್ಕೂ ಹಿಂದಿನ ವರ್ಷ, 2019ರ ಆಗಸ್ಟ್‌ನಲ್ಲಿ, ವಿಜಯಪುರ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ಕೃಷ್ಣೆಯ ಸರದಿ. ಆಲಮಟ್ಟಿ ಅಣೆಕಟ್ಟಿನಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿದ್ದಿತ್ತು. ಎರಡೂ ಸಲ ಜನರನ್ನು ಹೊರಗೆ ತಂದದ್ದು ದೋಣಿಗಳು. ಹಿಂಬದಿಗೆ ಮೋಟಾರು ಕಟ್ಟಿದ ರಬ್ಬರ್ ದೋಣಿ, ಫೈಬರ್ ದೋಣಿ.

ನೆರೆಯ ನೀರಿನಲ್ಲಿ ದೋಣಿ ನಡೆಸುವುದಕ್ಕೂ ಕೆರೆಯಲ್ಲಿ ನಡೆಸುವುದಕ್ಕೂ ಬಹಳ ಅಂತರವಿದೆ. ಮುಳುಗಿದ ಕಬ್ಬಿನ ಗದ್ದೆಯ ಮೇಲೆ ದೋಣಿ ಹೋಗುತ್ತಿರುತ್ತದೆ. ಕೆಳಗೆ ಮುಳ್ಳುತಂತಿಯ ಬೇಲಿ ಇರಬಹುದು, ಪಂಪ್‌ಸೆಟ್ಟಿನ ಪೈಪು ಇರಬಹುದು, ತೆರೆದ ಬಾವಿಯ ಕಟ್ಟೆ ಇರಬಹುದು. ತಲೆಯ ಮೇಲೆ ಕೈಗೆಟಕುವ ಎತ್ತರದಲ್ಲಿ ವಿದ್ಯುತ್ ತಂತಿ. ಬೇವಿನ ಮರದ ತುದಿಯೊಂದು ಹತ್ತು ಮಾರು ದೂರದಲ್ಲಿ ಕಂಡಾಗ ಚಾಲಕ ಕೈ ತಿರುಗಿಸುತ್ತಾನೆ, ಮೋಟಾರು ಅದೇ ಗಳಿಗೆಯಲ್ಲಿ ತಿರುಗಬೇಕು. ಸ್ಟೇರಿಂಗ್ ಬಿಗಿಯಾಗಿದ್ದರೆ ಅದು ಮೊದಲು ತಿರುಗುವುದೇ ಇಲ್ಲ. ಜೋರು ಮಾಡಿದರೆ ಒಮ್ಮೆಲೇ ಕಿತ್ತುಕೊಂಡಂತೆ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಮಕ್ಕಳು, ಮುದುಕರು, ಗಂಟುಮೂಟೆ ತುಂಬಿದ ದೋಣಿಯಲ್ಲಿ ಈ ಎರಡೂ ಅಪಾಯವೇ.

ಹಳೆಯ ಮೋಟಾರು ದೋಣಿಗಳಲ್ಲಿ ಪದೇ ಪದೇ ಕಾಣುವ ದೋಷ ಇದು. ಎಂಜಿನ್ ಚಾಲೂ ಆಗುತ್ತದೆ, ಫ್ಯಾನು ತಿರುಗುತ್ತದೆ, ಆದರೆ ಸ್ಟೇರಿಂಗ್ ಜಾಮ್. ಹೆಚ್ಚಿನ ಸಲ ಇದಕ್ಕೆ ಹೊಸ ಮೋಟಾರು ಬೇಡ, ದುಬಾರಿ ಭಾಗವೂ ಬೇಡ. ಎರಡು ಪಾನಾ, ಒಂದು ಗ್ರೀಸ್ ಗನ್, ಒಂದಿಷ್ಟು ಚಿಂದಿ ಬಟ್ಟೆ, ಅರ್ಧ ದಿನದ ತಾಳ್ಮೆ ಇದ್ದರೆ ಸಾಕು. ಆ ಅರ್ಧ ದಿನವನ್ನು ಮೇ ತಿಂಗಳಲ್ಲೇ ಎತ್ತಿಡಬೇಕು. ನೀರು ಏರಿದ ಮೇಲೆ ಅದು ಯಾರಿಗೂ ಸಿಗುವುದಿಲ್ಲ.

ಈ ದೋಣಿಗಳಿಗೆ ಕಟ್ಟುವುದು ಔಟ್‌ಬೋರ್ಡ್ ಮೋಟಾರು, ಎಂದರೆ ದೋಣಿಯ ಒಡಲಿನೊಳಗೆ ಕೂರದೆ, ಹಿಂದಿನ ಹಲಗೆಗೆ ಹೊರಗಿನಿಂದ ಜೋತುಬೀಳುವ ಎಂಜಿನ್. ತಲೆಯಲ್ಲಿ ಎಂಜಿನ್, ನಡುವೆ ಉದ್ದದ ಕಾಲು, ನೀರಿನೊಳಗಿನ ತುದಿಯಲ್ಲಿ ಫ್ಯಾನು. ಇದನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದ್ದು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್ರೂಡ್. 1909ರಲ್ಲಿ ಆತನ ಮೋಟಾರುಗಳು ಮಾರಾಟಕ್ಕೆ ಬಂದವು. ಜಪಾನಿನ ಯಮಹಾ ತನ್ನ ಮೊದಲ ಔಟ್‌ಬೋರ್ಡ್ ತಂದದ್ದು 1960ರಲ್ಲಿ. ನಮ್ಮ ಕರಾವಳಿಯ ನಾಡದೋಣಿಗಳಿಗೆ ಯಮಹಾ, ಸುಜುಕಿ ಹೆಸರು ಮನೆಮಾತು. ಎವಿನ್ರೂಡ್ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು, ಆದರೆ ಆತ ಹಾಕಿಕೊಟ್ಟ ಆಕಾರ ಹಾಗೆಯೇ ಉಳಿದಿದೆ. ಇಂಥ ಮೋಟಾರಿನ ದೋಣಿಗೆ ಬೇರೆ ಚುಕ್ಕಾಣಿ ಇರುವುದಿಲ್ಲ. ಇಡೀ ಮೋಟಾರೇ ಎಡಕ್ಕೆ ಬಲಕ್ಕೆ ಹೊರಳಿ ನೀರನ್ನು ಆ ದಿಕ್ಕಿಗೆ ತಳ್ಳುತ್ತದೆ, ದೋಣಿ ತಿರುಗುತ್ತದೆ. ಹಾಗಾಗಿ ಮೋಟಾರು ಹೊರಳದಿದ್ದರೆ ದೋಣಿಗೆ ದಿಕ್ಕೇ ಇಲ್ಲ.

ಹೊರಳಿಸುವ ವಿಧಾನ ಎರಡು. ರಕ್ಷಣಾ ಕೆಲಸದ ರಬ್ಬರ್ ದೋಣಿಗಳಲ್ಲಿ ಸಾಮಾನ್ಯವಾಗಿ ಮೋಟಾರಿಗೇ ಒಂದು ಹಿಡಿಕೆ ಇರುತ್ತದೆ. ಚಾಲಕ ಹಿಂದೆ ಕುಳಿತು ಅದನ್ನು ಕೈಯಿಂದಲೇ ಆಡಿಸುತ್ತಾನೆ. ಫೈಬರ್ ದೋಣಿಗಳಲ್ಲಿ ಮುಂದುಗಡೆ ಕಾರಿನಂಥ ಸ್ಟೇರಿಂಗ್ ಚಕ್ರ, ಅಲ್ಲಿಂದ ಹಿಂದಿನ ಮೋಟಾರಿನವರೆಗೆ ಒಂದು ದಪ್ಪ ಕೇಬಲ್. ಸೈಕಲ್ಲಿನ ಬ್ರೇಕ್ ವೈರಿನ ಹಾಗೆ ಹೊರಗೊಂದು ಕವಚ, ಒಳಗೊಂದು ತಂತಿ. ಆದರೆ ಬ್ರೇಕ್ ವೈರು ಎಳೆಯುವುದಷ್ಟೇ, ಈ ತಂತಿ ಎಳೆಯುವುದರ ಜೊತೆಗೆ ನೂಕಲೂ ಬೇಕು. ಇಂಥ ಎಳೆ-ನೂಕು ಕೇಬಲ್‌ಗಳಿಗೆ ಹೆಸರಾದ ಟೆಲಿಫ್ಲೆಕ್ಸ್ ಕಂಪನಿ 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಯುದ್ಧವಿಮಾನಗಳ ನಿಯಂತ್ರಣ ಕೇಬಲ್ ಮಾಡುತ್ತ ಶುರುವಾಯಿತು. ದೋಣಿಗಳಿಗೆ ಬಂದದ್ದು ಆಮೇಲೆ.

ಕೇಬಲ್ಲಿನ ಹಿಂದಿನ ತುದಿಯಲ್ಲಿ ಗಟ್ಟಿ ಉಕ್ಕಿನ ದಂಡವೊಂದಿದೆ, ಹೆಚ್ಚಾಗಿ 16 ಮಿಲಿಮೀಟರ್ ದಪ್ಪದ್ದು. ಮೋಟಾರನ್ನು ಹಲಗೆಗೆ ಹಿಡಿದಿಡುವ ಬ್ರಾಕೆಟ್ಟಿನಲ್ಲಿ ಅಡ್ಡಲಾಗಿ ಒಂದು ಕೊಳವೆ ಇರುತ್ತದೆ. ದಂಡ ಆ ಕೊಳವೆಯೊಳಗೆ ಜಾರುತ್ತ ಹೊರಗೆ ಬಂದು ಒಳಗೆ ಹೋಗುತ್ತದೆ. ಅದರ ತುದಿಗೆ ಜೋಡಿಸಿದ ಚಿಕ್ಕ ಕೊಂಡಿ ಮೋಟಾರನ್ನು ಹೊರಳಿಸುತ್ತದೆ. ಬಿಗಿತ ಹುಟ್ಟುವ ಜಾಗ ಬಹುಪಾಲು ಈ ಕೊಳವೆಯೇ.

ಕಾರಣ ಹುಡುಕಲು ವಿಜಯಪುರದ ಬಿಸಿಲಿಗೆ ಹೋಗಬೇಕು. ಇಲ್ಲಿ ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣೆ, ಇಂಡಿ, ಸಿಂದಗಿಯ ಉತ್ತರಕ್ಕೆ ಭೀಮೆ, ನಡುವೆ ಡೋಣಿ ಹರಿದರೂ ಇದು ಬರದ ನಾಡು. ನೆರೆಗೆಂದು ಇಟ್ಟ ದೋಣಿಗೆ ವರ್ಷದ ಬಹುಭಾಗ ಕೆಲಸವಿಲ್ಲ. ತಗಡಿನ ಶೆಡ್ಡಿನಲ್ಲೋ ತಾಡಪಾಲಿನ ಕೆಳಗೋ ನಿಂತಿರುತ್ತದೆ. ಗ್ರೀಸ್ ಎಂಬುದು ಎಣ್ಣೆ ಮತ್ತು ಅದನ್ನು ಹಿಡಿದಿಡುವ ಸಾಬೂನಿನಂಥ ವಸ್ತುವಿನ ಕೂಡಿಕೆ. ಬಿಸಿಯಲ್ಲಿ ತಿಂಗಳುಗಟ್ಟಲೆ ನಿಂತರೆ ಎಣ್ಣೆ ಮೆಲ್ಲಗೆ ಬಸಿದುಹೋಗುತ್ತದೆ, ಸಾಬೂನು ಗಟ್ಟಿಯಾಗಿ ಉಳಿಯುತ್ತದೆ. ಅದರ ಮೇಲೆ ಹಿಂದಿನ ವರ್ಷದ ನೆರೆಯ ರಾಡಿ. ಕಪ್ಪು ಎರೆಮಣ್ಣಿನ ನುಣ್ಣನೆಯ ಕಣಗಳು ದಂಡಕ್ಕೆ ಅಂಟಿ ಕೊಳವೆಯೊಳಗೆ ಸೇರಿದರೆ, ಹಳೆಯ ಗ್ರೀಸಿನ ಜೊತೆ ಬೆರೆತು ಅರೆಯುವ ಪುಡಿಯಾಗುತ್ತವೆ. ನೀರಿನ ಪಸೆ ಉಕ್ಕನ್ನು ತಾಕಿದಲ್ಲಿ ಜಂಗು ಹಿಡಿಯುತ್ತದೆ. ದಿನಾ ಓಡುವ ದೋಣಿಯಲ್ಲಿ ದಂಡ ಹಿಂದೆ ಮುಂದೆ ಆಡುತ್ತ ಇದನ್ನೆಲ್ಲ ಅಷ್ಟಿಷ್ಟು ಒರೆಸಿಕೊಳ್ಳುತ್ತದೆ. ನಿಂತ ದೋಣಿಯಲ್ಲಿ ಅಲ್ಲೇ ಕಚ್ಚಿಕೊಳ್ಳುತ್ತದೆ.

ಮಲ್ಪೆ, ಮಂಗಳೂರು ಕಡೆಯ ಮೀನುಗಾರರ ಶತ್ರು ಉಪ್ಪು. ಅಲ್ಯೂಮಿನಿಯಂ ಬ್ರಾಕೆಟ್ಟು, ಉಕ್ಕಿನ ಕೊಳವೆ ಎರಡೂ ಉಪ್ಪುನೀರಿನಲ್ಲಿ ನೆನೆದಾಗ ಅಲ್ಯೂಮಿನಿಯಂ ಬೇಗ ಕೊರೆದುಹೋಗಿ ಬಿಳಿಯ ಪುಡಿ ಕಟ್ಟುತ್ತದೆ. ಆಲಮಟ್ಟಿಯ ಸಿಹಿನೀರಿನಲ್ಲಿ ಆ ಕಾಟ ಬಹಳ ಕಡಿಮೆ. ಆದರೆ ಅವರ ಮೋಟಾರು ಮೀನುಗಾರಿಕೆಯ ಕಾಲದಲ್ಲಿ ದಿನವೂ ಕಡಲಿಗಿಳಿಯುತ್ತದೆ, ಇಲ್ಲಿನದು ನಿಂತೇ ಕೆಡುತ್ತದೆ. ಈ ವ್ಯತ್ಯಾಸವನ್ನು ಅರಿತವರು ಮಾತ್ರ ಬಯಲುಸೀಮೆಯ ದೋಣಿಯನ್ನು ಸರಿಯಾಗಿ ಕಾಯಬಲ್ಲರು.

ದುರಸ್ತಿಗೆ ಕೈಹಾಕುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕು. ಇದಕ್ಕೆ ಒಂದು ಸರಳ ಪರೀಕ್ಷೆ ಇದೆ, ಬಹಳ ಜನ ಅದನ್ನೇ ಬಿಟ್ಟುಬಿಡುತ್ತಾರೆ. ಎಂಜಿನ್ ಬಂದ್ ಮಾಡಿ, ದಂಡದ ತುದಿಯನ್ನು ಮೋಟಾರಿಗೆ ಕೂಡಿಸುವ ಕೊಂಡಿಯ ನಟ್ಟು ಬಿಚ್ಚಿ ಕೊಂಡಿಯನ್ನು ಬಿಡಿಸಬೇಕು. ಈಗ ಮೋಟಾರನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಬೇಕು. ಸಲೀಸಾಗಿ ಹೊರಳಿದರೆ ದೋಷ ಕೊಳವೆಯಲ್ಲೋ ಕೇಬಲ್ಲಿನಲ್ಲೋ ಚಕ್ರದ ಬುಡದ ಹಲ್ಲುಗಳಲ್ಲೋ ಇದೆ. ಮೋಟಾರೇ ಬಿಗಿಯಾಗಿದ್ದರೆ ದೋಷ ಅದು ನಿಂತು ತಿರುಗುವ ಕಂಬದ ಬುಷ್‌ಗಳಲ್ಲಿದೆ. ಐದು ನಿಮಿಷದ ಈ ಪರೀಕ್ಷೆ ಮಾಡದೆ ಸಾವಿರಾರು ರೂಪಾಯಿಯ ಹೊಸ ಕೇಬಲ್ ತಂದು ಹಾಕಿ, ಸ್ಟೇರಿಂಗ್ ಮೊದಲಿನಷ್ಟೇ ಬಿಗಿ ಇರುವುದನ್ನು ನೋಡಿ ಕಂಗಾಲಾಗುವುದು ಜಾಣತನವಲ್ಲ.

ಮೋಟಾರೇ ಬಿಗಿಯಾಗಿದ್ದರೆ ಕೆಲಸ ಸುಲಭದ್ದು, ಟ್ರ್ಯಾಕ್ಟರ್ ಇಟ್ಟ ಯಾವ ರೈತನಿಗೂ ಪರಿಚಿತವಾದದ್ದು. ಬ್ರಾಕೆಟ್ಟಿನಲ್ಲಿ ಗ್ರೀಸ್ ನಿಪ್ಪಲ್‌ಗಳಿರುತ್ತವೆ. ಗ್ರೀಸ್ ಗನ್ ಹಚ್ಚಿ ಹೊಡೆಯುತ್ತ, ಇನ್ನೊಬ್ಬರು ಮೋಟಾರನ್ನು ಹೊರಳಿಸುತ್ತಿರಬೇಕು. ಹಳೆಯ ಕಪ್ಪು ಗ್ರೀಸ್ ಕಂಬದ ಮೇಲಿನ, ಕೆಳಗಿನ ಸಂದಿಯಿಂದ ಹೊರಬಂದು, ಅದರ ಹಿಂದೆ ಹೊಸದು ಕಾಣುವವರೆಗೆ ಬಿಡಬಾರದು. ಗ್ರೀಸ್ ಒಳಗೇ ಹೋಗದೆ ಗನ್ನಿನ ಬಾಯಲ್ಲಿ ಹಿಂದಕ್ಕೆ ಉಕ್ಕಿದರೆ ನಿಪ್ಪಲ್ ಕಟ್ಟಿಕೊಂಡಿದೆ ಎಂದರ್ಥ. ಅದನ್ನು ತೆಗೆದು ಹೊಸದು ಹಾಕಿದರಾಯಿತು. ಆಮೇಲೂ ಗ್ರೀಸ್ ಹಿಡಿಯದಿದ್ದರೆ ಒಳದಾರಿಯೇ ಗಟ್ಟಿಯಾಗಿದೆ. ಆಗ ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು, ಒಂದೆರಡು ದಿನ ನೆನೆಸಿ, ಮತ್ತೆ ಪ್ರಯತ್ನಿಸಬೇಕು. ಕೊನೆಗೂ ಬಗ್ಗದಿದ್ದರೆ ಮೋಟಾರನ್ನು ಇಳಿಸಿ ಬುಷ್ ಬದಲಿಸುವ ಕೆಲಸ, ಅದು ಅನುಭವಿ ಮಿಸ್ತ್ರಿಗೆ ಬಿಡತಕ್ಕದ್ದು.

ಹಿಡಿಕೆಯ ಮೋಟಾರುಗಳಲ್ಲಿ ಇನ್ನೊಂದನ್ನು ನೋಡಬೇಕು. ಸ್ಟೇರಿಂಗ್ ಎಷ್ಟು ಬಿಗಿ ಇರಬೇಕೆಂದು ಹೊಂದಿಸಲು ಇವುಗಳಲ್ಲಿ ಒಂದು ತಿರುಪೋ ಸಣ್ಣ ಸನ್ನೆಯೋ ಇರುತ್ತದೆ. ಸಾಗಿಸುವಾಗ ಮೋಟಾರು ಅತ್ತಿತ್ತ ಹೊರಳದಿರಲೆಂದು ಯಾರೋ ಅದನ್ನು ಪೂರ್ತಿ ಬಿಗಿದಿರುತ್ತಾರೆ, ಆಮೇಲೆ ಮರೆತಿರುತ್ತಾರೆ. ಎಷ್ಟೋ ಸಲ ದೊಡ್ಡ ದೋಷವೆಂದು ಹೆದರಿದ್ದು ಈ ತಿರುಪಿನ ಎರಡು ಸುತ್ತಿನಲ್ಲಿ ಮುಗಿಯುತ್ತದೆ. ಹಾಗೆಂದು ಪೂರ್ತಿ ಸಡಿಲಿಸುವುದೂ ಸಲ್ಲ. ಕೈ ಜಾರಿದರೆ ಮೋಟಾರು ತಾನೇ ಒಂದು ಪಕ್ಕಕ್ಕೆ ಹೊರಳಿ ದೋಣಿ ಗಿರ್ರನೆ ತಿರುಗೀತು.

ಈಗ ಕೊಳವೆಯ ಮಾತು. ಮೋಟಾರು ಸಲೀಸು, ಚಕ್ರ ಮಾತ್ರ ಬಿಗಿ ಎಂದಾದರೆ, ಕೇಬಲ್ಲನ್ನು ಕೊಳವೆಗೆ ಹಿಡಿದಿರುವ ದೊಡ್ಡ ನಟ್ಟು ಬಿಚ್ಚಿ ದಂಡವನ್ನು ಹೊರಗೆ ಎಳೆಯಬೇಕು. ಕಚ್ಚಿಕೊಂಡಿದ್ದರೆ ಅದು ಸುಲಭಕ್ಕೆ ಬರುವುದಿಲ್ಲ. ಕೊಳವೆಯ ಎರಡೂ ಬಾಯಿಗೆ ತುಕ್ಕೆಣ್ಣೆ ಬಿಟ್ಟು ರಾತ್ರಿಯಿಡೀ ಬಿಡಬೇಕು. ಮರುದಿನ ಕೊಳವೆಯ ಹೊರಮೈಗೆ ಬಿಸಿಗಾಳಿಯ ಯಂತ್ರದಿಂದ ಶಾಖ ಕೊಡಬಹುದು. ಬೆಂಕಿಯ ಜ್ವಾಲೆ ಬೇಡವೇ ಬೇಡ. ಪಕ್ಕದಲ್ಲೇ ಪೆಟ್ರೋಲ್ ಪೈಪಿದೆ, ಕೇಬಲ್ಲಿನ ಕವಚ ಪ್ಲಾಸ್ಟಿಕ್ಕಿನದು. ಪೆಟ್ರೋಲ್ ಟ್ಯಾಂಕನ್ನು ಮೊದಲೇ ದೂರ ಇಟ್ಟಿರಬೇಕು. ದಂಡಕ್ಕೆ ನೇರವಾಗಿ ಸುತ್ತಿಗೆ ಬೀಸುವುದು ಇಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ಏಟಿಗೆ ದಂಡದ ತುದಿ ಅಗಲಗೊಂಡರೆ ಕೊಳವೆಯೊಳಗಿಂದ ಅದು ಇನ್ನೆಂದೂ ಹೊರಬಾರದು. ದಂಡಕ್ಕಿಂತ ಸ್ವಲ್ಪ ಸಣ್ಣದಾದ ಹಿತ್ತಾಳೆಯ ಇಲ್ಲವೇ ಗಟ್ಟಿ ಮರದ ತುಂಡನ್ನು ಅದರ ಮೂತಿಗಿಟ್ಟು, ಮೆಲ್ಲಗೆ, ತಡೆತಡೆದು ಹೊಡೆಯಬೇಕು. ಕೂದಲೆಳೆಯಷ್ಟು ಅಲುಗಿದರೂ ಮತ್ತೆ ಎಣ್ಣೆ ಬಿಟ್ಟು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಆಡಿಸುತ್ತ ಬಿಡಿಸಬೇಕು. ಕೆಲವು ದೋಣಿಗಳಲ್ಲಿ ದಂಡ ಪೂರ್ತಿ ಹೊರಬರುವಷ್ಟು ಜಾಗ ಪಕ್ಕದಲ್ಲಿ ಇರುವುದಿಲ್ಲ. ಆಗ ಮೋಟಾರನ್ನೇ ಹಲಗೆಯಿಂದ ಸಡಿಲಿಸಿ ಎತ್ತಬೇಕಾಗುತ್ತದೆ.

ದಂಡ ಹೊರಬಂದ ಮೇಲೆ ಕಾಣುವ ನೋಟ ಕಣ್ತೆರೆಸುವಂಥದ್ದು. ಜೇನುಬಣ್ಣದಲ್ಲಿ ಇರಬೇಕಿದ್ದ ಗ್ರೀಸ್ ಕಂದುಮೇಣವಾಗಿ ದಂಡಕ್ಕೆ ಸುತ್ತಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತದೆ, ಬೆರಳ ನಡುವೆ ತಿಕ್ಕಿದರೆ ಮಣ್ಣಿನ ಕಣಗಳು ಕರಕರ ಎನ್ನುತ್ತವೆ. ಡೀಸೆಲ್‌ನಲ್ಲಿ ಅದ್ದಿದ ಚಿಂದಿಯಿಂದ ದಂಡವನ್ನು ಒರೆಸಿ, ಜಂಗಿನ ಕಲೆಗಳಿದ್ದರೆ ನುಣುಪಾದ ಪಾಲಿಶ್ ಕಾಗದದಿಂದ ತಿಕ್ಕಿ ಹೊಳಪಿಸಬೇಕು. ಕೊಳವೆಯ ಒಳಗನ್ನು ಹೆಚ್ಚಿನವರು ಮರೆತುಬಿಡುತ್ತಾರೆ. ಉದ್ದ ಹಿಡಿಕೆಯ ದುಂಡನೆಯ ಬ್ರಷ್ಷನ್ನು ಡೀಸೆಲ್‌ನಲ್ಲಿ ಅದ್ದಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಎಳೆಯಬೇಕು, ಚಿಂದಿ ಕಟ್ಟಿದ ಕೋಲು ಹಾಯಿಸಬೇಕು. ಹೊರಬಂದ ಬಟ್ಟೆ ಬೆಳ್ಳಗೆ ಕಾಣುವವರೆಗೆ ಇದನ್ನು ಮಾಡಬೇಕು. ಟಾರ್ಚ್ ಹಿಡಿದು ನೋಡಿದರೆ ಒಳಮೈ ಒಂದೇ ಸಮನೆ ಮಿನುಗಬೇಕು. ದಂಡದ ಮೈಯಲ್ಲಿ ಉಗುರು ಸಿಕ್ಕುವಷ್ಟು ಆಳದ ಕುಳಿಗಳಿದ್ದರೆ ಆ ಕೇಬಲ್ ಮತ್ತೆ ಬಳಸಲು ಯೋಗ್ಯವಲ್ಲ.

ಹೊಸ ಗ್ರೀಸ್ ಯಾವುದು ಎಂಬುದೂ ಮುಖ್ಯ. ಗಾಡಿಗಳ ಸಾಮಾನ್ಯ ಗ್ರೀಸ್ ನೀರಿಗೆ ಬೇಗ ತೊಳೆದುಹೋಗುತ್ತದೆ. ನೀರಿನಲ್ಲಿ ನಿಲ್ಲುವ ಮರೀನ್ ಗ್ರೀಸ್ ಬೇಕು. ಎರಡು ಬಗೆಯವನ್ನು ಬೆರೆಸಬಾರದು. ಕೆಲವು ಗ್ರೀಸ್‌ಗಳು ಒಂದಕ್ಕೊಂದು ಹೊಂದದೆ ತೆಳುವಾಗಿ ಸೋರುತ್ತವೆ ಇಲ್ಲವೇ ಗಟ್ಟಿಯಾಗುತ್ತವೆ. ಹಳೆಯದನ್ನು ಪೂರ್ತಿ ತೆಗೆಯಬೇಕೆನ್ನುವುದು ಇದಕ್ಕೇ.

ಕೊಳವೆಗೆ ನಿಪ್ಪಲ್ ಇರುವ ಮೋಟಾರುಗಳಿಗೆ ಇನ್ನೊಂದು ಎಚ್ಚರಿಕೆ. ಚಕ್ರವನ್ನು ತಿರುಗಿಸಿ ದಂಡವನ್ನು ಪೂರ್ತಿ ಕೊಳವೆಯೊಳಗೆ ಎಳೆದುಕೊಂಡ ಮೇಲೆಯೇ ಗ್ರೀಸ್ ಹೊಡೆಯಬೇಕು. ದಂಡ ಹೊರಚಾಚಿದಾಗ ಹೊಡೆದರೆ ಒಳಗಿನ ಖಾಲಿ ಜಾಗವೆಲ್ಲ ಗ್ರೀಸಿನಿಂದ ತುಂಬಿಬಿಡುತ್ತದೆ. ಆಮೇಲೆ ದಂಡ ಒಳಗೆ ಬರಲು ಹೋದರೆ ಗ್ರೀಸಿಗೆ ಹೊರಹೋಗಲು ದಾರಿಯಿಲ್ಲದೆ ಸ್ಟೇರಿಂಗ್ ಅಲ್ಲೇ ನಿಂತುಬಿಡುತ್ತದೆ. ಬಿಗಿತ ಬಿಡಿಸಲು ಹೊರಟು ಬೀಗ ಹಾಕಿದಂತಾಗುತ್ತದೆ. ಮೋಟಾರು ಕಂಪನಿಗಳ ಕೈಪಿಡಿಗಳಲ್ಲಿ ಇದನ್ನು ಎದ್ದು ಕಾಣುವಂತೆ ಅಚ್ಚು ಹಾಕಿರುತ್ತಾರೆ. ಆದರೆ ಕೈಪಿಡಿ ಪ್ಲಾಸ್ಟಿಕ್ ಚೀಲದಲ್ಲಿ ಸೀಲು ಒಡೆಯದೆ ಉಳಿದರೆ ಏನು ಉಪಯೋಗ? ಅದನ್ನು ದೋಣಿ ನಡೆಸುವವರ ಕೈಗೆ, ಅವರು ಓದುವ ಭಾಷೆಯಲ್ಲಿ, ಕೊಡಬೇಕು.

ಕೊಳವೆ ಶುಚಿಯಾದ ಮೇಲೂ ಚಕ್ರ ಭಾರವಿದ್ದರೆ ದೋಷ ಹೆಚ್ಚಾಗಿ ಕೇಬಲ್ಲಿನ ಒಳಗೇ ಇರುತ್ತದೆ. ಕವಚ ಒಡೆದು ನೀರು ನುಗ್ಗಿ ತಂತಿ ಉಬ್ಬಿರುತ್ತದೆ. ಕವಚವನ್ನು ಕೊಯ್ದು ಎಣ್ಣೆ ಹಾಕುವ ಸಾಹಸ ಕೆಲವರು ಮಾಡುತ್ತಾರೆ. ಅದು ಒಂದು ವಾರ ನಡೆದೀತು, ಆಮೇಲೆ ನಡುನೀರಿನಲ್ಲಿ ಕೈಕೊಟ್ಟೀತು. ಈ ಕೇಬಲ್‌ಗಳನ್ನು ಬಿಚ್ಚಿ ರಿಪೇರಿ ಮಾಡುವಂತೆ ತಯಾರಿಸಿರುವುದಿಲ್ಲ, ಬದಲಿಸುವುದೊಂದೇ ದಾರಿ. ಹಳೆಯ ಕೇಬಲ್ಲಿನ ಕವಚದ ಮೇಲೆ ಉದ್ದ ಅಥವಾ ಭಾಗದ ಸಂಖ್ಯೆ ಅಚ್ಚಾಗಿರುತ್ತದೆ, ಅದೇ ಅಳತೆಯದು ತರಬೇಕು. ಉದ್ದ ಹೆಚ್ಚಾದರೆ ಸುರುಳಿ ಬೀಳುತ್ತದೆ, ಕಡಿಮೆಯಾದರೆ ಮೊನಚು ತಿರುವು. ಎರಡರಲ್ಲೂ ತಂತಿ ಕವಚಕ್ಕೆ ಉಜ್ಜಿ ಬಿಗಿಯಾಗುತ್ತದೆ. ತಿರುವಿನ ತ್ರಿಜ್ಯ 8 ಅಂಗುಲಕ್ಕಿಂತ ಕಡಿಮೆಯಾಗಬಾರದೆಂಬುದು ಸಾಮಾನ್ಯ ನಿಯಮ. ಹಗ್ಗ, ಟ್ಯಾಂಕು, ಲೈಫ್ ಜಾಕೆಟ್ಟಿನ ರಾಶಿ ಕೇಬಲ್ಲನ್ನು ಅದುಮದಂತೆಯೂ ನೋಡಿಕೊಳ್ಳಬೇಕು.

ಮತ್ತೆ ಜೋಡಿಸುವಾಗ ನಟ್ಟುಗಳ ವಿಷಯದಲ್ಲಿ ಜುಗ್ಗತನ ಬೇಡ. ಕೊಂಡಿಗೆ ಹಾಕುವ ನಟ್ಟಿನೊಳಗೆ ನೈಲಾನ್ ಬಳೆ ಇರುತ್ತದೆ, ಅದರ ಹಿಡಿತವೇ ನಟ್ಟು ಅದುರಿ ಕಳಚದಂತೆ ಕಾಯುವುದು. ಒಮ್ಮೆ ಬಿಚ್ಚಿದ ಮೇಲೆ ಆ ಹಿಡಿತ ಕುಂದುತ್ತದೆ. ಹೊಸ ನಟ್ಟಿಗೆ ಕೆಲವೇ ರೂಪಾಯಿ, ಆದರೆ ಹಳೆಯದನ್ನೋ ಮಾಮೂಲಿ ನಟ್ಟನ್ನೋ ಹಾಕಿ ಅದು ಹೊಳೆಯ ಮಧ್ಯೆ ಕಳಚಿದರೆ ಚಕ್ರ ತಿರುಗುತ್ತಲೇ ಇರುತ್ತದೆ, ಮೋಟಾರು ಕೇಳುವುದಿಲ್ಲ.

ನಿಂತಾಗ ಹಗುರ, ಓಡುವಾಗ ಮಾತ್ರ ಒಂದೇ ಪಕ್ಕಕ್ಕೆ ಭಾರ ಎನ್ನುವ ದೂರು ಬೇರೆ ಜಾತಿಯದು. ಫ್ಯಾನು ತಿರುಗುವ ಬಲವೇ ಮೋಟಾರನ್ನು ಒಂದು ಪಕ್ಕಕ್ಕೆ ನೂಕುತ್ತಿರುತ್ತದೆ. ಇದನ್ನು ಸರಿದೂಗಿಸಲು ಅನೇಕ ಮೋಟಾರುಗಳಲ್ಲಿ ಫ್ಯಾನಿನ ಮೇಲಿನ ತಟ್ಟೆಯ ಅಡಿಗೆ ಮೀನಿನ ರೆಕ್ಕೆಯಾಕಾರದ ಸಣ್ಣ ತುಂಡೊಂದಿದೆ. ದೋಣಿ ಬಲಕ್ಕೆ ಎಳೆದರೆ ಅದರ ಹಿಂತುದಿಯನ್ನು ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ ಒಂದಿಷ್ಟೇ ಹೊರಳಿಸಿ ಬಿಗಿಯಬೇಕು. ಎಷ್ಟೋ ಮೋಟಾರುಗಳಲ್ಲಿ ಇದು ಸತುವಿನದು, ತಾನು ಸವೆದು ಉಳಿದ ಲೋಹವನ್ನು ಕಾಯುವಂಥದ್ದು. ಇದಕ್ಕೆ ಬಣ್ಣ ಬಳಿಯಬಾರದು.

ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಸ್ಟೇರಿಂಗ್ ದೊಡ್ಡ ಮೋಟಾರುಗಳಲ್ಲಿ ಉಂಟು. ಅಲ್ಲಿ ಎಣ್ಣೆಯ ಮಟ್ಟ, ಸೋರಿಕೆ ನೋಡಿ, ಒಳಸೇರಿದ ಗಾಳಿಯನ್ನು ಹೊರಹಾಕಬೇಕು.

ಮುದ್ದೇಬಿಹಾಳದಲ್ಲೋ ಇಂಡಿಯಲ್ಲೋ ದೋಣಿ ಮೋಟಾರಿನ ಗ್ಯಾರೇಜು ಹುಡುಕಿದರೆ ಸಿಗುವುದು ಕಷ್ಟ. ಆದರೆ ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಮಾಡುವ ಕೈಗಳಿಗೆ ಕೊರತೆಯಿಲ್ಲ. ಮೇಲೆ ಹೇಳಿದ ಕೆಲಸದಲ್ಲಿ ಅವರಿಗೆ ತಿಳಿಯದ್ದು ಬಹಳ ಕಡಿಮೆ. ನದಿಪಾತ್ರದ ಒಂದೊಂದು ತಾಲೂಕಿನಲ್ಲೂ ಇಬ್ಬರು ಮಿಸ್ತ್ರಿಗಳಿಗೆ ಒಂದು ದಿನ ಈ ಕೆಲಸವನ್ನು ಮಾಡಿ ತೋರಿಸಿದರೆ, ನೆರೆಯ ಹೊತ್ತಿನಲ್ಲಿ ದೂರದ ಊರಿನಿಂದ ತಜ್ಞರಿಗಾಗಿ ಕಾಯುವುದು ತಪ್ಪುತ್ತದೆ. ತೆಪ್ಪ, ಹರಿಗೋಲು ನಡೆಸಿ ಸೆಳವು ಸುಳಿಗಳನ್ನು ಬಲ್ಲ ಅಂಬಿಗರು ಕೃಷ್ಣೆಯ ದಂಡೆಯಲ್ಲಿದ್ದಾರೆ. ಅವರನ್ನೂ ಈ ಕಲಿಕೆಗೆ ಕೂಡಿಸಿಕೊಳ್ಳಬೇಕು.

ಮುಂಗಾರಿಗೆ ಮೊದಲು ದೋಣಿಯನ್ನು ನೀರಿಗಿಳಿಸಿ ನೋಡುವುದು ಕೊನೆಯ ಹಂತ. ಲೈಫ್ ಜಾಕೆಟ್ ಹಾಕಿ, ಎಂಜಿನ್ ನಿಲ್ಲಿಸುವ ಸುರಕ್ಷಾ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಮೊದಲು ನಿಧಾನ ವೇಗದಲ್ಲಿ ಎಡದ ತುದಿಯಿಂದ ಬಲದ ತುದಿಯವರೆಗೆ ತಿರುಗಿಸಿ ನೋಡಬೇಕು. ಎಲ್ಲೂ ತಡೆಯಾಗದಿದ್ದರೆ ವೇಗ ಹೆಚ್ಚಿಸಿ ಮತ್ತೊಮ್ಮೆ. ದಡಕ್ಕೆ ಬಂದ ಮೇಲೆ ದಂಡವನ್ನು ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಚಕ್ರ ತಿರುಗಿಸಿ ಅದನ್ನು ಕೊಳವೆಯೊಳಗೆ ಎಳೆದುಕೊಂಡು ನಿಲ್ಲಿಸಬೇಕು. ಒಳಗಿದ್ದ ದಂಡಕ್ಕೆ ಧೂಳು, ಪಸೆ ತಾಕುವುದು ಕಡಿಮೆ. ಶೆಡ್ಡಿನ ಬೀಗದ ಕೈ ಇರುವವರು ತಿಂಗಳಿಗೊಮ್ಮೆ ಒಳಗೆ ಹೋಗಿ ಚಕ್ರವನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ, ಗೋಡೆಯ ಮೇಲಿನ ಚೀಟಿಯಲ್ಲಿ ತಾರೀಖು ಬರೆದು ಬರಬೇಕು.